ಬೆರಳಿಟ್ಟ ಸಾಲು

ಸಿ.ಆರ್.ಪಿ. ಎಂಬ ಹುದ್ದೆಯನ್ನು ಹುಟ್ಟುಹಾಕಿದ ಪುಣ್ಯಾತ್ಮ ಮದ್ದಳೆಯನ್ನು ಎದುರಿಗಿಟ್ಟುಕೊಂಡೇ ಯೋಚಿಸಿರಬೇಕು. ಎರಡೂ ಕಡೆ ಪೆಟ್ಟು. ಹತ್ತು ಹನ್ನೆರಡು ಶಾಲೆಗಳಿಗೆ ಒಬ್ಬ ಮಾಸ್ತರನನ್ನೋ ಒಬ್ಬ ಅಕ್ಕೋರನ್ನೋ ಆರಿಸಿ, ಇನ್ನು ನೀನು ಊರೂರು ತಿರುಗು, ಉಳಿದವರು ಹೇಗೆ ಪಾಠ ಮಾಡುತ್ತಾರೆ ನೋಡು, ತಿದ್ದು ಅಂತ ಕಳಿಸುತ್ತಾರೆ. ಸಾಹೇಬರ ಲೆಕ್ಕದಲ್ಲಿ ಇವರು ಕಾಗದ ಹೊರುವ ಆಳು. ಮಾಸ್ತರರ ಲೆಕ್ಕದಲ್ಲಿ ಚಾಡಿಕೋರರು. ಶ್ರೀದೇವಿ ಬ್ಯಾಡಗಿ ತಾಲೂಕಿನ ಕಾಗಿನೆಲೆ ಕಡೆಯ ಹನ್ನೊಂದು ಶಾಲೆಗಳಿಗೆ ಸಿ.ಆರ್.ಪಿ. ಆಗಿ ಬಂದಾಗ ಅವಳನ್ನೂ ಹಾಗೆಯೇ ಕಂಡರು. ಅವಳ ಸ್ಕೂಟಿಯ ಸದ್ದು ಕೇಳಿದರೆ ಸಾಕು, ಮಾಸ್ತರರ ಕೈಗೆ ಸೀಮೆಸುಣ್ಣ ತಾನಾಗಿ ಬರುತ್ತಿತ್ತು.

ಒಂದು ವರ್ಷದಲ್ಲಿ ಆ ಭಯ ಹೋಯಿತು. ಅದಕ್ಕೆ ಕಾರಣ ಅವಳು ತನಗೆ ತಾನೇ ಹಾಕಿಕೊಂಡ ಒಂದು ಕಟ್ಟಳೆ. ಕುರ್ಚಿ ಕೊಟ್ಟರೆ ಕೂರುತ್ತಿರಲಿಲ್ಲ. ಹಿಂದಿನ ಸಾಲಿನ ಮಕ್ಕಳ ನಡುವೆ ನೆಲದ ಮೇಲೆ ಕೂತು ಇಡೀ ಪಾಠ ಕೇಳುತ್ತಿದ್ದಳು. ಆಮೇಲೆ ತಾನೂ ಒಂದು ಪಾಠ ಮಾಡುತ್ತಿದ್ದಳು, ತಪ್ಪಿದರೆ ಆ ಗುರುಗಳ ಎದುರೇ ನಗುತ್ತಿದ್ದಳು. ಬೇವಿನ ಗಿಡದ ಕೆಳಗೋ ಬಿಸಿಯೂಟದ ಕೋಣೆಯ ಬಾಗಿಲಲ್ಲೋ ನಿಂತು ಅವರೊಡನೆ ಮಾತಾಡಿ, ಕಟ್ಟಕಡೆಗೆ ಭೇಟಿ ಪುಸ್ತಕ ತೆರೆಯುತ್ತಿದ್ದಳು. ಬಂದುಹೋದವರು ತಮ್ಮ ಅಭಿಪ್ರಾಯ ಬರೆದು, ಕೆಳಗೆ ಆ ಗುರುಗಳ ಸಹಿ ಪಡೆಯುವ ಪುಸ್ತಕ ಅದು. ಬಾಯಿಂದ ಹೇಳದ ಮಾತನ್ನು ಅದರಲ್ಲಿ ಬರೆಯಬಾರದು ಎಂಬುದು ಅವಳ ಕಟ್ಟಳೆ.

ಆ ಕಟ್ಟಳೆಯನ್ನು ಅವಳು ಒಂದೇ ಒಂದು ಸಲ ಮುರಿದಳು. ಮುರಿದದ್ದು ತನ್ನ ಸ್ವಂತ ಗುರುವಿನ ಶಾಲೆಯಲ್ಲಿ.

ಅಬ್ದುಲರಜಾಕ ಮಾಸ್ತರು ಅವಳಿಗೆ ಎರಡನೇ ತರಗತಿಯಲ್ಲಿ ಕಲಿಸಿದವರು. ಅವಳ ತಾಯಿ ಕರೆವ್ವ ಆಗ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ತುಂಬು ಮುರಿಯಲು ಹೋಗುತ್ತಿದ್ದಳು. ತುಂಬು ಅಂದರೆ ಕಾಯಿಯ ತೊಟ್ಟು. ಅಕ್ಷರ ಒಂದೂ ತಲೆಗೆ ಹತ್ತದ ಮಗಳನ್ನು ಮುಂದಿನ ವರ್ಷದಿಂದ ತನ್ನ ಜೊತೆಗೇ ಕೂರಿಸಿಕೊಳ್ಳುವುದೆಂದು ಅವಳು ನಿಶ್ಚಯ ಮಾಡಿದ್ದಳು. ಆಗ ರಜಾಕ ಸರ ಮಾಡಿದ್ದು ಇಷ್ಟೇ. ಅದೇ ಪೇಟೆಯಿಂದ ಒಂದು ಚೀಲ ತುಂಬು ತರಿಸಿದರು. ಹಲಗೆಗೆ ಹಸಿ ಎರೆಮಣ್ಣು ಸವರಿ, ಒಣಗಿ ಬಾಗಿದ ಆ ತುಂಬುಗಳನ್ನು ಮಣ್ಣಿನಲ್ಲಿ ಒತ್ತಿ, ಅಕ್ಷರ ಮಾಡಿ ತೋರಿಸಿದರು. ಕನ್ನಡದ ಅಕ್ಷರದಲ್ಲಿ ನೆಟ್ಟಗಿನ ಗೆರೆ ಎಲ್ಲಿದೆ? ಮೆಣಸಿನ ತುಂಬಿನಲ್ಲೂ ಇಲ್ಲ. ಶ್ರೀದೇವಿ ಬೆರಳಾಡಿಸಿ ಆಡಿಸಿ ಓದು ಕಲಿತಳು. ಹಲಗೆ ಕೆಳಗಿಟ್ಟಾಗಲೆಲ್ಲ ಸರ ಒಂದು ಮಾತು ಹೇಳುತ್ತಿದ್ದರು, ತುಂಬು ಮುಟ್ಟಿದ ಕೈ ಕಣ್ಣಿಗೆ ಹಚ್ಚಬ್ಯಾಡ್ರಿ, ಉರೀತೈತಿ.

ಇಪ್ಪತ್ತೆಂಟು ವರ್ಷಗಳ ನಂತರ, 2006ರ ಜೂನಿನಲ್ಲಿ, ಅದೇ ಸರ ವರ್ಗವಾಗಿ ಅವಳ ಹನ್ನೊಂದು ಶಾಲೆಗಳಲ್ಲಿ ಒಂದಕ್ಕೆ ಬಂದರು. ಎರಡೇ ಕೋಣೆ, ಇಬ್ಬರೇ ಮಾಸ್ತರು. ಒಂದು ಎರಡನೇ ತರಗತಿ ಮುಖ್ಯಗುರು ರುದ್ರಮುನಿಯವು; ಅವನಿನ್ನೂ ಮೂವತ್ತು ದಾಟದವನು. ಮೂರು ಮತ್ತು ಮೇಲಿನವು ರಜಾಕ ಸರ ಅವರವು. ಜುಲೈಯಲ್ಲಿ ಶ್ರೀದೇವಿ ಬಾಗಿಲಿಗೆ ಬಂದಾಗ ಸರ ಎದ್ದು ನಿಂತು ಬರ್ರಿ ಅಕ್ಕೋರ ಅಂದರು. ಅವಳಿಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಪಾಠ ಶುರುವಾಯಿತು. ಮೂರನೇ ತರಗತಿಯ ಹತ್ತೊಂಬತ್ತು ಮಕ್ಕಳು ಪುಸ್ತಕ ತೆರೆದು, ಬೆರಳಿಟ್ಟು, ಒಂದೇ ದನಿಯಲ್ಲಿ ಓದಿದವು. ಎಲ್ಲಿಯೂ ತಡೆಯಿಲ್ಲ. ‘ಹ’ ಇರುವಲ್ಲಿ ‘ಅ’ ಅಂದವನನ್ನು ಸರ ಕೋಣೆಯ ಆ ತುದಿಯಿಂದ ಕಿವಿಯಲ್ಲೇ ಹಿಡಿದು ತಿದ್ದಿದರು. ಶ್ರೀದೇವಿಗೆ ಎದೆ ತುಂಬಿತು, ಪಕ್ಕದಲ್ಲಿದ್ದ ಹುಡುಗಿಯ ಪುಸ್ತಕ ನೋಡುವವರೆಗೆ. ಆ ಹುಡುಗಿ ಫರ್ಹಾನಾ. ತರಗತಿಯಲ್ಲೇ ಜಾಣೆಯೆಂದು ಸರ ಅವಳನ್ನು ಮೊದಲೇ ಪರಿಚಯಿಸಿದ್ದರು. ಅವಳ ಬಾಯಲ್ಲಿ ಹಳ್ಳದ ದಂಡೆಯ ಕೊಕ್ಕರೆ ಮೀನಿಗಾಗಿ ಒಂಟಿಕಾಲಲ್ಲಿ ನಿಂತಿತ್ತು. ಬೆರಳಿದ್ದ ಪುಟದಲ್ಲಿ ಒಬ್ಬ ಅಜ್ಜಿ ಬುತ್ತಿ ಕಟ್ಟುತ್ತಿದ್ದಳು. ಆ ವರ್ಷ ಮೂರನೇ ತರಗತಿಯ ಪುಸ್ತಕ ಬದಲಾಗಿತ್ತು. ಮಕ್ಕಳು ಹೊಸ ಪುಸ್ತಕ ಹಿಡಿದು ಹಳೆಯ ಪಾಠ ಓದುತ್ತಿದ್ದವು. ಶ್ರೀದೇವಿ ಆಚೀಚೆ ಇನ್ನು ಮೂವರ ಬೆರಳು ನೋಡಿದಳು. ಒಂದೊಂದೂ ಒಂದೊಂದು ಊರಿನಲ್ಲಿತ್ತು. ಓದು ಅಂದರೆ ಪುಸ್ತಕ ಹಿಡಿದು ಹಾಡುವುದು ಎಂದೇ ಆ ಕೂಸುಗಳು ತಿಳಿದಿದ್ದವು.

ವಯಸ್ಸಾದ ಮಾಸ್ತರರಲ್ಲಿ ಈ ರೋಗ ಅವಳು ಬೇರೆ ಕಡೆಯೂ ಕಂಡಿದ್ದಳು. ಪುಸ್ತಕ ಬಾಯಿಪಾಠವಾಗಿರುತ್ತದೆ, ಹೊಸದನ್ನು ಬಿಡಿಸಿ ನೋಡುವ ಮನಸ್ಸಿರುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಗಿಡದ ಕೆಳಗೆ ಕರೆದು ಹೇಳುತ್ತಿದ್ದಳು. ಆದರೆ ಇವರು ರಜಾಕ ಸರ. ತನಗೆ ಓದು ಕೊಟ್ಟವರಿಗೆ, ನಿಮ್ಮ ಮಕ್ಕಳಿಗೆ ಓದು ಬರುವುದಿಲ್ಲ ಎಂದು ಯಾವ ಬಾಯಿಂದ ಹೇಳುವುದು? ಬಾಯಿ ಬರಲಿಲ್ಲ, ಅದಕ್ಕೇ ಬರೆದಳು. ದುಂಡಗಿನ ಅಕ್ಷರದಲ್ಲಿ, ಎಲ್ಲರೂ ಬರೆಯುವಂಥ ಮಾತು: ‘ಪ್ರತಿ ಮಗುವಿನ ಪುಸ್ತಕದ ಮೇಲೆ ಗುರುಗಳು ಕಣ್ಣಿಡುವುದು ಅವಶ್ಯ.’

ರುದ್ರಮುನಿ ಪುಸ್ತಕ ಒಯ್ದು ಸರ ಅವರ ಮುಂದೆ ಹಿಡಿದು, ಇಲ್ಲಿ ಸರ ಅಂದ. ಸರ ಓದಲಿಲ್ಲ. ಪೆನ್ನು ತೆಗೆದುಕೊಂಡು ಸಹಿ ಹಾಕಿದರು. ಸಹಿ ಕೆಳಗಿನ ಗೆರೆಯ ಮೇಲೆ ಬೀಳದೆ ನೇರ ಅವಳ ವಾಕ್ಯದ ಮೇಲೆಯೇ ಬಿತ್ತು, ಈ ತುದಿಯಿಂದ ಆ ತುದಿಯವರೆಗೆ ಹೊಡೆದುಹಾಕಿದ ಹಾಗೆ. ನಿನ್ನ ಮಾತಿಗೆ ಇಷ್ಟೇ ಬೆಲೆ ಎಂದು ಸರ ತೋರಿಸಿದರು ಅಂದುಕೊಂಡಳು ಶ್ರೀದೇವಿ. ಸ್ಕೂಟಿ ಹತ್ತಿದಾಗ ಅವಳ ಮುಖ ಕೆಂಪಾಗಿತ್ತು.

ಸಿಟ್ಟು ಒಳಗೇ ಕುಳಿತರೆ ಒಂದು ದಿನ ಹೊರಗೆ ಬಂದೇ ಬರುತ್ತದೆ. ತಿಂಗಳ ಕೊನೆಯ ಶನಿವಾರ ಕಾಗಿನೆಲೆಯಲ್ಲಿ ಸಮಾಲೋಚನಾ ಸಭೆ ಇತ್ತು. ಹನ್ನೊಂದೂ ಶಾಲೆಗಳ ಗುರುಗಳು ಕೂಡಿ ತಮ್ಮ ತಮ್ಮ ಪಾಠದ ಕಷ್ಟಸುಖ ಹೇಳಿಕೊಳ್ಳುವ ಸಭೆ. ಓದು ಮತ್ತು ಬಾಯಿಪಾಠದ ನಡುವಿನ ವ್ಯತ್ಯಾಸ ಹೇಳುತ್ತ ಶ್ರೀದೇವಿ ಕೊಕ್ಕರೆಯ ಕತೆ ಹೇಳಿಬಿಟ್ಟಳು. ಶಾಲೆಯ ಹೆಸರು ಹೇಳಲಿಲ್ಲ. ಪುಸ್ತಕದಲ್ಲಿ ಅಜ್ಜಿ ಬುತ್ತಿ ಕಟ್ಟುತ್ತಾಳೆ, ಬಾಯಲ್ಲಿ ಕೊಕ್ಕರೆ ಮೀನು ಹಿಡಿಯುತ್ತದೆ ಅಂದಾಗ ಮೂವತ್ತು ಮಂದಿ ಗೊಳ್ಳೆಂದು ನಕ್ಕರು. ಎರಡನೇ ಸಾಲಿನಲ್ಲಿದ್ದ ರಜಾಕ ಸರೂ ನಕ್ಕರು. ಆಮೇಲೆ ಅವರ ನಗು ನಿಂತಿತು. ಉಳಿದವರದು ಇನ್ನೂ ನಡೆದಿತ್ತು.

ಸಭೆ ಮುಗಿದ ಮೇಲೆ ಶ್ರೀದೇವಿ ಬಸ್ ನಿಲ್ದಾಣದ ಕಡೆ ಬಂದಳು. ಸ್ಕೂಟಿ ಅಲ್ಲಿಯ ಅಂಗಡಿಯ ನೆರಳಲ್ಲಿತ್ತು. ದಿನಾ ಸರ ಅವರನ್ನು ಬೈಕಿನಲ್ಲಿ ಕರೆತಂದು ಒಯ್ಯುವ ರುದ್ರಮುನಿ ಏನೋ ಕಾಗದದ ಕೆಲಸಕ್ಕೆ ಹಿಂದೆ ಉಳಿದಿದ್ದ. ಸರ ಒಬ್ಬರೇ ಬಂದು ಒಂದು ಬಸ್ಸಿನ ಮುಂದೆ ನಿಂತಿದ್ದರು. ಬಸ್ಸಿನ ಹಣೆಯ ಮೇಲೆ ಗೇಣುದ್ದದ ಅಕ್ಷರದಲ್ಲಿ ಬ್ಯಾಡಗಿ ಎಂದು ಬರೆದಿತ್ತು. ಸರ ಪಕ್ಕದಲ್ಲಿ ಬಾಳೆಹಣ್ಣು ಮಾರುತ್ತಿದ್ದ ಮುದುಕಿಯನ್ನು ಕೇಳಿದರು, "ಯವ್ವಾ, ಇದು ಎಲ್ಲಿ ಬಸ್ಸು?"

"ಬ್ಯಾಡಗಿದು. ಯಾಕಪಾ, ನಿನಗೂ ಓದಾಕ ಬರಂಗಿಲ್ಲೇನು?"

"ಇಲ್ಲವಾ," ಅಂದರು ಸರ. "ಬರಂಗಿಲ್ಲ."

ನಾಲ್ಕು ಹೆಜ್ಜೆ ಹಿಂದಿದ್ದ ಶ್ರೀದೇವಿಯ ಕಾಲು ಅಲ್ಲಿಯೇ ನಿಂತಿತು. ವಾಕ್ಯದ ಮೇಲೆ ಬಿದ್ದ ಸಹಿ, ರುದ್ರಮುನಿಯ ಇಲ್ಲಿ ಸರ ಎಂಬ ಮಾತು, ಕಿವಿಯಿಂದಲೇ ತಪ್ಪು ಹಿಡಿಯುವ ಪಾಠ, ಎಲ್ಲ ಒಮ್ಮೆಗೇ ತಿಳಿಯಿತು. ತಾನು ಬರೆದ ಮಾತೂ ನೆನಪಾಯಿತು. ಕಣ್ಣಿಡುವುದು ಅವಶ್ಯ! ಆ ಕೈ ಕಡಿದುಹೋಗಬಾರದೇ ಅನ್ನಿಸಿತು ಅವಳಿಗೆ.

ಅವಳು ಸರ ಎಂದು ಕರೆದಳು. ಅವರು ದನಿ ಬಂದತ್ತ ತಿರುಗಿದರು. ನೋಟ ಮಾತ್ರ ಅವಳ ಹೆಗಲ ಪಕ್ಕದಿಂದ ಹಾಯ್ದುಹೋಯಿತು.

"ಶ್ರೀದೇವಿ ಏನವಾ? ಚಲೋ ಆತು ಬಂದಿ. ಸಭಾದಾಗ ಹೇಳಿದೆಲ್ಲ, ಕೊಕ್ಕರಿ ಪಾಠ, ಅದು ನನ್ನ ವರ್ಗದ್ದ ಹೌದಲ್ಲ?"

ಹೌದ್ರಿ ಅಂದಳು ಅವಳು. ಇಬ್ಬರೂ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತರು. ಸರ ಒಂದೊಂದಾಗಿ ಹೇಳಿದರು. ಸಕ್ಕರೆ ಕಾಯಿಲೆ ಹಳೆಯದು. ಎರಡು ವರ್ಷದಿಂದ ಕಣ್ಣಿಗಿಳಿದಿದೆ. ರಾಣೆಬೆನ್ನೂರಿನ ಡಾಕ್ಟರು ಒಳಗಿನ ಪರದೆಯೇ ಹೋಗಿದೆ, ಆಪರೇಶನ್ನಿನಿಂದ ಬರುವಂಥದ್ದಲ್ಲ ಅಂದಿದ್ದಾರೆ. ಬೆಳಕು ಗೊತ್ತಾಗುತ್ತದೆ, ಮನುಷ್ಯರು ನೆರಳಿನಂತೆ ಗೊತ್ತಾಗುತ್ತಾರೆ, ಅಕ್ಷರ ಇಲ್ಲ. ಸೇವೆ ಇನ್ನು ಒಂದೂಕಾಲು ವರ್ಷ ಉಳಿದಿದೆ. ಮನೆಯಲ್ಲಿ ಹೆಂಡತಿ ಮುಮ್ತಾಜಬಿ ಸಾಕು ಬಿಡಿ ಎಂದು ದಿನಾ ಗಂಟು ಬೀಳುತ್ತಾಳೆ.

"ವರ್ಗದಾಗ ಹೊಕ್ಕರ ನನಗ ಎಲ್ಲಾ ಕಾಣತೈತಿ ಶ್ರೀದೇವಿ. ಹೊರಗ ಬಂದರ ಕತ್ತಲಿ. ಅದಕ್ಕ ಬಿಡವಲ್ಲೆ."

ಪುಸ್ತಕ ಬದಲಾದದ್ದು ಅವರಿಗೆ ಗೊತ್ತಿತ್ತು. ಜೂನಿನಲ್ಲಿ ಫರ್ಹಾನಾಳನ್ನು ಕರೆದು ಹೊಸ ಪುಸ್ತಕದ ಪಾಠ ಓದು ಅಂದಿದ್ದರು. ಅವಳಿಗೆ ಓದಲು ಬರುತ್ತಿರಲಿಲ್ಲ; ಬರುವುದಿಲ್ಲ ಎನ್ನುವುದು ಅವಳಿಗೂ ತಿಳಿದಿರಲಿಲ್ಲ. ಹಿಂದಿನ ವರ್ಷ ಅಣ್ಣ ದಿಲಾವರ ಮನೆಯಲ್ಲಿ ಒದರುತ್ತಿದ್ದ ಕೊಕ್ಕರೆಯ ಪಾಠವನ್ನೇ ಪುಟ ತಿರುವುತ್ತ ಒಪ್ಪಿಸಿದ್ದಳು. ಚಲೋ ಪಾಠವೊಂದನ್ನು ಹೊಸ ಪುಸ್ತಕದಲ್ಲೂ ಉಳಿಸಿದ್ದಾರೆ ಎಂದು ಸರ ಅಂದು ಖುಷಿಪಟ್ಟಿದ್ದರು.

"ಅಂದ್ರ ಅಕಿಗೂ ಓದಾಕ ಬರಂಗಿಲ್ಲ," ಅಂದರು ಸರ. ಆಮೇಲೆ ಕೇಳಿದರು, "ನನ್ನ ವರ್ಗದಾಗ ಯಾರಿಗರೆ ಬರತೈತೇನವಾ?"

ಸುಳ್ಳು ಹೇಳಬಹುದಿತ್ತು. ನಾಲ್ವರ ಬೆರಳು ನೋಡಿದೆ, ನಾಲ್ವರಿಗೂ ಇಲ್ಲ ಎಂದು ಅವಳು ಇದ್ದದ್ದನ್ನೇ ಹೇಳಿದಳು. ಸರ ತಲೆದೂಗಿದರು. ಭೇಟಿ ಪುಸ್ತಕದಲ್ಲಿ ಏನು ಬರೆದೆ ಎಂದು ಕೇಳಿದರು. ಅದನ್ನೂ ಒಂದು ಶಬ್ದ ಬಿಡದೆ ಹೇಳಿದಳು. ಸರ ಆ ವಾಕ್ಯವನ್ನು ತುಟಿಯಲ್ಲೇ ಎರಡು ಸಲ ಅಂದುಕೊಂಡು, ಚಲೋ ಬರೆದೀ, ತಪ್ಪಿಲ್ಲ ಅಂದರು. ಎರಡನೇ ತರಗತಿಯಲ್ಲಿ ಹಲಗೆ ನೋಡಿ ಹೇಳುತ್ತಿದ್ದ ಅದೇ ದನಿ.

ಮೇಲಿನವರಿಗೆ ವರದಿ ಮಾಡುವುದು ಸಿ.ಆರ್.ಪಿ.ಯ ಕರ್ತವ್ಯ. ಕಂಡೂ ಕಾಣದ ಹಾಗೆ ಇರುವುದು ಶಿಷ್ಯೆಯ ಧರ್ಮ ಎನ್ನುವವರೂ ಇದ್ದಾರೆ. ರುದ್ರಮುನಿ ಜೂನಿನಿಂದ ಅದನ್ನೇ ಮಾಡಿಕೊಂಡು ಬಂದಿದ್ದ, ಮರ್ಯಾದೆಯೆಂದು ತಿಳಿದು. ಮರ್ಯಾದೆ ಉಳಿದಿತ್ತು, ಹತ್ತೊಂಬತ್ತು ಮಕ್ಕಳ ಓದು ಹೋಗಿತ್ತು. ಶ್ರೀದೇವಿ ಎರಡನ್ನೂ ಬಿಟ್ಟು ತನಗೆ ಗೊತ್ತಿದ್ದ ಕೆಲಸ ಮಾಡಿದಳು. ಸೋಮವಾರ ಪೇಟೆಯಿಂದ ಒಂದು ಚೀಲ ತುಂಬು ಹೇರಿಕೊಂಡು ಶಾಲೆಗೆ ಬಂದಳು. ಒಂದು ಎರಡನೇ ತರಗತಿ ರಜಾಕ ಸರ ಅವರಿಗೆ, ಮೇಲಿನವು ರುದ್ರಮುನಿಗೆ ಅಂತ ಮೂವರೂ ಕೂತು ಒಪ್ಪಿಕೊಂಡರು. ವಾರಕ್ಕೆ ಮೂರು ದಿನ ಮೂರನೇ ತರಗತಿಯನ್ನು ತಾನೇ ಹಿಡಿದಳು.

ಒಳಗಿನ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷದ ಹಿಂದಿನ ಹಲಗೆಗಳು ಮತ್ತೆ ಹುಟ್ಟಿದವು. ಮಕ್ಕಳು ಹಸಿಮಣ್ಣಿನಲ್ಲಿ ತುಂಬು ಒತ್ತುತ್ತಿದ್ದರು. ಸರ ಮೊಣಕಾಲೂರಿ ಒಂದೊಂದು ಹಲಗೆಯ ಮೇಲೂ ಬೆರಳಾಡಿಸಿ, ಇದಕ್ಕ ಹೊಟ್ಟಿ ಸಣ್ಣದಾತು ನೋಡು, ಇದರ ತಲಿಕಟ್ಟು ಎಲ್ಲಿ ಹೋತು ಎಂದು ತಿದ್ದುತ್ತಿದ್ದರು. ಕಣ್ಣಿದ್ದವರು ಬಿಟ್ಟುಬಿಡುವ ತಪ್ಪು ಅವರ ಬೆರಳಿಗೆ ಸಿಗುತ್ತಿತ್ತು. ಆಗಸ್ಟ್ ಮುಗಿಯುವಷ್ಟರಲ್ಲಿ ಅಕ್ಕಪಕ್ಕದ ಊರಿನ ಗುರುಗಳು ನೋಡಲು ಬಂದರು, ತಾವೂ ಹಲಗೆ ಮಾಡಿಸಿದರು. ಸರ ಈಗ ಹಾಡುತ್ತ ಶಾಲೆಗೆ ಬರತೊಡಗಿದ್ದಾರೆ ಅಂತ ರುದ್ರಮುನಿ ಹೇಳಿದಾಗ ಶ್ರೀದೇವಿಗೆ ತನ್ನ ಪಾಪ ತೊಳೆದುಹೋಯಿತು ಅನ್ನಿಸಿತು. ಅಷ್ಟು ಸುಲಭಕ್ಕೆ ತೊಳೆದುಹೋಗುವ ಪಾಪವಲ್ಲ ಅದು.

ಹೊರಗಿನ ಕೋಣೆಯಲ್ಲಿ ಅವಳು ಮೂರನೇ ತರಗತಿಗೆ ಒಂದು ಪದ್ಧತಿ ಹಾಕಿದ್ದಳು. ಒಬ್ಬರು ಓದಬೇಕು, ಪಕ್ಕದವರು ಅವರ ಬೆರಳು ನೋಡಬೇಕು. ಬೆರಳು ತಪ್ಪಿದರೆ ನಗಬಾರದು, ಮಾತಾಡಬಾರದು. ಮೆತ್ತಗೆ ಹಿಡಿದು ಸರಿಯಾದ ಜಾಗದಲ್ಲಿ ಇಡಬೇಕು. ಮೊದಲ ವಾರ ಹಾಡು ನಿಂತುಹೋಗಿ ಕೋಣೆಯೆಲ್ಲ ಮೌನ. ಒಂದು ಶಬ್ದಕ್ಕೆ ಒಂದು ಮಿನಿಟು. ಫರ್ಹಾನಾ ಎರಡು ದಿನ ಅತ್ತಳು. ಜಾಣೆ ಅನ್ನಿಸಿಕೊಂಡಿದ್ದವಳಿಗೆ ಅಕ್ಷರ ಅಕ್ಷರವಾಗಿ ತಡವರಿಸುವುದು ಅವಮಾನವಾಗಿತ್ತು. ಆಮೇಲೆ ಹಟ ಹಿಡಿದಳು. ಸೆಪ್ಟೆಂಬರಿನ ಹೊತ್ತಿಗೆ ಗೋಡೆಯ ಮೇಲಿನ ಪೋಲಿಯೋ ಜಾಹೀರಾತು, ಬಿಸಿಯೂಟದ ಅಕ್ಕಿಚೀಲ, ಏನು ಸಿಕ್ಕರೂ ಬೆರಳಿಟ್ಟು ಬಿಡಿಸುತ್ತಿದ್ದಳು.

ದಸರಾ ರಜೆಗೆ ನಾಲ್ಕು ದಿನವಿದ್ದಾಗ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಕೆಟ್ಟ ಮನುಷ್ಯರಲ್ಲ, ಮಕ್ಕಳ ತಲೆ ಸವರಿ, ಬಿಸಿಯೂಟದ ರುಚಿ ನೋಡಿ, ಹೊರಗಿನ ಕೋಣೆಯ ಮೂಲೆಯಲ್ಲಿದ್ದ ರುದ್ರಮುನಿಯ ಮೇಜಿಗೆ ಕುಳಿತರು. ಶ್ರೀದೇವಿ ಮೂರನೇ ತರಗತಿಯ ಪಾಠ ನಡೆಸಿದ್ದಳು. ಅಧಿಕಾರಿ ಭೇಟಿ ಪುಸ್ತಕ ತಿರುವಿ ಜುಲೈ ತಿಂಗಳಿಗೆ ಬಂದು ನಿಂತರು. ವಾಕ್ಯದ ಮೇಲೆ ಅಡ್ಡ ಬಿದ್ದಿರುವ ಈ ಸಹಿ ಯಾರದು, ಹೀಗೇಕೆ ಹಾಕಿದ್ದಾರೆ ಎಂದು ಕೇಳಿದರು. ರಜಾಕ ಸರ ಅವರದು ಅಂದ ರುದ್ರಮುನಿ. ಅಧಿಕಾರಿ ಸರ ಅವರನ್ನು ಕರೆಸಿದರು.

ರಜಾಕ ಸರ ಗೋಡೆಗೆ ಅಂಗೈ ತಾಗಿಸುತ್ತ ಬಂದರು. ಬೆರಳ ತುದಿಯಲ್ಲಿ ಎರೆಮಣ್ಣು ಇನ್ನೂ ಹಸಿಯಿತ್ತು. ಅಧಿಕಾರಿ ಪುಸ್ತಕವನ್ನು ಅವರತ್ತ ಸರಿಸಿ, ಇಲ್ಲಿ ಸಿ.ಆರ್.ಪಿ.ಯವರು ಏನು ಬರೆದಿದ್ದಾರೆ ಓದಿ ಅಂದರು.

ಸರ ಮೇಜಿನ ಅಂಚು ಹಿಡಿದು, ಪುಸ್ತಕ ಸಿಕ್ಕ ಮೇಲೆ ಅದರ ಮೇಲೆ ಬೆರಳಿಟ್ಟರು. ಸ್ಪಷ್ಟವಾದ ದನಿಯಲ್ಲಿ, ಎಲ್ಲಿಯೂ ತಡೆಯದೆ ಹೇಳಿದರು, "ಪ್ರತಿ ಮಗುವಿನ ಪುಸ್ತಕದ ಮೇಲೆ ಗುರುಗಳು ಕಣ್ಣಿಡುವುದು ಅವಶ್ಯ."

ಒಂದು ಕಾಗುಣಿತವೂ ತಪ್ಪಲಿಲ್ಲ. ಬೆರಳು ಮಾತ್ರ ಎದುರಿನ ಪುಟದಲ್ಲಿತ್ತು. ಆ ಪುಟದಲ್ಲಿ ಏನೂ ಬರೆದಿರಲಿಲ್ಲ.

ಅಧಿಕಾರಿ ಆ ಬೆರಳನ್ನೇ ನೋಡುತ್ತ ಕುಳಿತರು. ಶ್ರೀದೇವಿ ಒಂದು ಮಾರು ದೂರದಲ್ಲಿದ್ದಳು. ಅವಳ ಕೈ ಎದ್ದಿತು, ಎದ್ದದ್ದು ಅಲ್ಲೇ ನಿಂತಿತು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಫರ್ಹಾನಾ ಎದ್ದು ಬಂದಳು. ಮೇಜಿನ ಮೇಲೆ ಬಗ್ಗಿ ನೋಡಿದಳು. ನಗಲಿಲ್ಲ. ಕಲಿಸಿದ ಹಾಗೆಯೇ ಸರ ಅವರ ಬೆರಳನ್ನು ಮೆತ್ತಗೆ ಹಿಡಿದು, ಈ ಪುಟಕ್ಕೆ ತಂದು, ‘ಪ್ರತಿ’ಯ ಕೆಳಗೆ ಇಟ್ಟಳು.

"ಅಲ್ಲಲ್ರಿ ಸರ," ಅಂದಳು. "ಇಲ್ಲೈತಿ."

ಆಮೇಲೆ ಶ್ರೀದೇವಿಯ ಕಡೆ ತಿರುಗಿದಳು, ಸರಿಯಾಗಿ ಮಾಡಿದೆನಲ್ಲ ಅನ್ನುವ ಹಾಗೆ. ಆ ಮುಖವನ್ನು ಶ್ರೀದೇವಿ ಇವತ್ತಿಗೂ ಮರೆತಿಲ್ಲ. ತಲೆಯಾಡಿಸಿ ಭೇಷ್ ಅನ್ನಬೇಕಾಗಿತ್ತು. ಆಗಲಿಲ್ಲ.

ಸರ ಬೆರಳನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಎಲ್ಲ ಮುಗಿಯಿತು ಎಂದು ಅವರಿಗೂ ತಿಳಿದಿರಬೇಕು. ಆದರೆ ಕೇಳಿದ್ದು ಬೇರೆಯದನ್ನೇ.

"ಬೇಟಿ, ಇದು ನಿನಗ ಓದಾಕ ಬಂತೇನ?"

"ಬಂತ್ರಿ."

"ಓದು ಹಂಗಾರ."

ಅವಳು ತನ್ನ ಬೆರಳನ್ನು ಸರ ಅವರ ಬೆರಳಿನ ಪಕ್ಕಕ್ಕಿಟ್ಟು ಓದಿದಳು. ಪ್ರ ಅಂದು ನಿಂತಳು. ಪ್ರತಿ ಅಂದಳು. ಮಗುವಿನ ದಾಟಿತು. ಸ್ತ ಒತ್ತಕ್ಷರದಲ್ಲಿ ಎಡವಿ ಹಿಂದಕ್ಕೆ ಹೋಗಿ ಮತ್ತೆ ಬಂದಳು. ಸಹಿಯ ಗೆರೆ ಹಾಯ್ದ ಕಡೆ ಕಣ್ಣು ಕಿರಿದು ಮಾಡಿ ಬಿಡಿಸಿದಳು. ಕಡೆಯ ‘ಶ್ಯ’ ಬಂದಾಗ ಉಸಿರು ಬಿಟ್ಟಳು. ಒಂದು ವಾಕ್ಯಕ್ಕೆ ಎರಡು ಮಿನಿಟು ಹಿಡಿಯಿತು. ಅಷ್ಟು ಹೊತ್ತೂ ಸರ ಕತ್ತು ಬಾಗಿಸಿ ಕೇಳಿದರು, ಒಂದು ಕಡೆಯೂ ಹೇಳಿಕೊಡಲಿಲ್ಲ. ಹಾಡುವವರು ಎಲ್ಲಿಯೂ ಎಡವುವುದಿಲ್ಲ, ಓದುವವರು ಎಡವುತ್ತಾರೆ; ಮೂವತ್ತು ವರ್ಷ ಪಾಠ ಮಾಡಿದವರಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ.

"ಕೇಳಿದಿರಿಲ್ಲ ಸಾಹೇಬರ, ಎಡವಿದಳು," ಅಂದರು ಸರ, ಅಧಿಕಾರಿಯ ಪಕ್ಕದ ಗೋಡೆಯನ್ನು ನೋಡುತ್ತ. ಅವರ ಮುಖ ಅರಳಿತ್ತು. "ಖರೇ ಓದ್ಯಾಳ."

ಅಧಿಕಾರಿ ಸಿಟ್ಟು ಮಾಡಲಿಲ್ಲ. ಒಳಗಿನ ಕೋಣೆಗೆ ಹೋಗಿ ಹಲಗೆಗಳನ್ನು ನೋಡಿ ಬಂದರು. ಶಾಲೆಯ ಮುಂದೆಯೇ ರಸ್ತೆ, ಹಿಂದೆ ಕೃಷಿಹೊಂಡ. ಆರು ವರ್ಷದ ಮಗು ಕೋಣೆ ಬಿಟ್ಟು ಓಡಿದರೆ ಯಾರು ನೋಡಬೇಕು ಎಂದು ಕೇಳಿದರು. ನೌಕರಿಗೆ ಧಕ್ಕೆ ಬರುವುದಿಲ್ಲ, ಉಳಿದ ಅವಧಿಯನ್ನು ಕಚೇರಿಯಲ್ಲಿ ಕುಳಿತು ಕಳೆಯಲಿ ಅಂದರು. ನ್ಯಾಯವಾದ ಮಾತೇ. ಮಕ್ಕಳಿಲ್ಲದ ಕಡೆ ಕುಂತು ನಾ ಏನ್ ಮಾಡ್ಲಿರಿ ಎಂದು ಸರ ನಕ್ಕರು.

ಸ್ವಯಂ ನಿವೃತ್ತಿಯ ಅರ್ಜಿಯನ್ನು ರಜೆಯ ಹಿಂದಿನ ದಿನ ಸರ ಬರೆಸಿದರು. ಬರೆದವಳು ಶ್ರೀದೇವಿ. ಒಳಗಿನ ಕೋಣೆಯಲ್ಲಿ, ಮಕ್ಕಳು ಮನೆಗೆ ಹೋದ ಮೇಲೆ, ಗೋಡೆಗೆ ಆನಿಸಿದ ಹಲಗೆಗಳ ನಡುವೆ ಚಾಪೆಯ ಮೇಲೆ ಕುಳಿತು. ಸರ ಹೇಳಿದರು, ಅವಳು ಬರೆದಳು. ನಡುವೆ ಒಂದು ಕಡೆ ಅಲ್ಪವಿರಾಮ ಹಾಕಿದೆಯೋ ಇಲ್ಲವೋ ಎಂದು ಕೇಳಿ ಹಾಕಿಸಿದರು. ಮುಗಿದ ಮೇಲೆ ಓದಿಸಿ ಕೇಳಿದರು. ಬಿಟ್ಟುಹೋಗುವ ಕಾಗದವಾದರೂ ಗುರುವಿನ ಕಾಗದ, ತಪ್ಪಿರಬಾರದು.

ಸಹಿ ಮಾಡಲು ಪೆನ್ನು ಹಿಡಿದು, ಎಲ್ಲಿ ಅಂದರು. ಅವಳು ಅವರ ತೋರುಬೆರಳನ್ನು ಮೆತ್ತಗೆ ಹಿಡಿದು ಕೆಳಗಿನ ಸಾಲಿನ ಮೇಲೆ ಇಟ್ಟಳು. ಈ ಸಲ ಸಹಿ ಗೆರೆಯ ಮೇಲೆ ಸರಿಯಾಗಿ ಬಿತ್ತು. ಅದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಸದ್ದಾಗದಂತೆ ಸೆರಗಿನಿಂದ ಮುಖ ಒತ್ತಿಕೊಂಡಳು. ಆದರೂ ಆ ಕಿವಿಗೆ ಏನೂ ತಪ್ಪುತ್ತಿರಲಿಲ್ಲ.

"ಯಾಕವಾ," ಅಂದರು ಸರ. "ತುಂಬು ಮುಟ್ಟಿದ ಕೈ ಕಣ್ಣಿಗೆ ಹಚ್ಚಿದೇನ?"

ಅವಳು ಅಂದು ತುಂಬು ಮುಟ್ಟಿಯೇ ಇರಲಿಲ್ಲ.

"ಹೌದ್ರಿ ಸರ," ಅಂದಳು.